ಒಂದೇ ಜಾಗ, ಎರಡು ಶಾಲೆ: ಹ್ಯಾಕ್ನಿ ಡೌನ್ಸ್‌ನ ಏಳುಬೀಳು

ಲಂಡನ್ನಿನ ಹಳೆಯ ವರ್ತಕ ಸಂಘಗಳ ಸಾಲಿನಲ್ಲಿ ಗ್ರೋಸರ್ಸ್ ಕಂಪನಿಗೆ ಎರಡನೆಯ ಸ್ಥಾನ. ಅದರ ಲಾಂಛನದ ಮೇಲ್ಗಡೆ ಮೂಟೆ ಹೊತ್ತ ಒಂಟೆಯೊಂದು ನಿಂತಿದೆ. ಮೂಟೆಯಲ್ಲಿರುವುದು ಕಾಳುಮೆಣಸು. 1180ರಷ್ಟು ಹಿಂದೆಯೇ ಲಂಡನ್ನಿನಲ್ಲಿ ಮೆಣಸಿನ ವ್ಯಾಪಾರಿಗಳ ಕೂಟವೊಂದಿತ್ತು. 1345ರಲ್ಲಿ ಹೊಸ ರೂಪ ಪಡೆದು ಅದೇ ಮುಂದೆ ಗ್ರೋಸರ್ಸ್ ಕಂಪನಿಯಾಯಿತು. ಅವರು ಮಾರುತ್ತಿದ್ದ ಮೆಣಸು ಹಲವು ಕೈ ದಾಟಿ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದ ಕಾಲಕ್ಕೆ ಲಂಡನ್ನಿನ ಈ ವರ್ತಕರು ನಗರದ ದೊಡ್ಡ ಕುಳಗಳಾಗಿದ್ದರು. ತಲೆಮಾರುಗಳಿಂದ ಕೂಡಿಬಂದ ಸಂಪತ್ತಿನ ಒಂದು ಪಾಲನ್ನು ಈ ಕಂಪನಿ ಹಾಕಿದ್ದು ಒಂದು ಶಾಲೆಗೆ. 1876ರಲ್ಲಿ ಲಂಡನ್ನಿನ ಪೂರ್ವ ಭಾಗದ ಹ್ಯಾಕ್ನಿಯಲ್ಲಿ ಗಂಡುಮಕ್ಕಳ ಆ ಪ್ರೌಢಶಾಲೆ ಬಾಗಿಲು ತೆರೆಯಿತು.

ಮೊದಲಿಗೆ ಅದು ಗ್ರೋಸರ್ಸ್ ಕಂಪನಿ ಶಾಲೆ, ಆಮೇಲೆ ಹ್ಯಾಕ್ನಿ ಡೌನ್ಸ್ ಶಾಲೆ. ಇಂಗ್ಲೆಂಡಿನಲ್ಲಿ ಇಷ್ಟು ಮೇಲೇರಿ ಇಷ್ಟು ಕೆಳಗೆ ಬಿದ್ದ ಶಾಲೆ ಇನ್ನೊಂದು ಸಿಗುವುದು ಕಷ್ಟ. ನೊಬೆಲ್ ಪಡೆದ ನಾಟಕಕಾರ ಹೆರಾಲ್ಡ್ ಪಿಂಟರ್ ಓದಿದ್ದು ಇಲ್ಲಿ. ಪತ್ರಿಕೆಗಳು ‘ಬ್ರಿಟನ್ನಿನ ಅತಿ ಕೆಟ್ಟ ಶಾಲೆ’ ಎಂದು ಹಣೆಪಟ್ಟಿ ಹಚ್ಚಿದ್ದೂ ಇದಕ್ಕೇ. 1995ರ ಕೊನೆಯಲ್ಲಿ ಸರ್ಕಾರವೇ ಮುಂದೆ ನಿಂತು ಬೀಗ ಹಾಕಿಸಿತು. 2004ರಲ್ಲಿ ಅದೇ ಜಾಗದಲ್ಲಿ ಮಾಸ್‌ಬೋರ್ನ್ ಕಮ್ಯುನಿಟಿ ಅಕಾಡೆಮಿ ಎಂಬ ಹೊಸ ಶಾಲೆ ಶುರುವಾಯಿತು. ಐದೇ ವರ್ಷದಲ್ಲಿ ಅದರ ಫಲಿತಾಂಶ ದೇಶದ ಅತ್ಯುತ್ತಮ ಸರ್ಕಾರಿ ಶಾಲೆಗಳ ಸಾಲಿಗೆ ಬಂತು. ಅದೇ ಬಡಾವಣೆ, ಅದೇ ಬಡತನ. ಹಾಗಿದ್ದರೆ ಬದಲಾದದ್ದೇನು?

ಹೆಡ್‌ಮಾಸ್ಟರ್ ಬದಲಾದರು ಎಂಬುದು ಸುಲಭಕ್ಕೆ ಸಿಗುವ ಉತ್ತರ. ಅದರಲ್ಲಿ ನಿಜವೂ ಇದೆ. ಆದರೆ ನೂರೈವತ್ತು ವರ್ಷದ ಈ ಕಥೆಯನ್ನು ಬಿಡಿಸಿ ನೋಡಿದರೆ ಕಣ್ಣು ಮತ್ತೆ ಮತ್ತೆ ಹೋಗುವುದು ಶಾಲೆಯ ಗೇಟಿನ ಕಡೆಗೆ. ಯಾವ ಮಕ್ಕಳು ಒಳಗೆ ಬಂದರು, ಯಾರು ಬೇರೆ ಕಡೆ ಹೋದರು, ಅದನ್ನು ತೀರ್ಮಾನಿಸಿದ ನಿಯಮ ಯಾವುದು ಎಂಬುದನ್ನು ಬಿಟ್ಟು ಈ ಶಾಲೆಯ ಯಾವ ಫಲಿತಾಂಶವೂ ಅರ್ಥವಾಗುವುದಿಲ್ಲ.

ಶಾಲೆ ಶುರುವಾದದ್ದು ಗುಮಾಸ್ತರ, ಅಂಗಡಿಕಾರರ, ಸಣ್ಣ ವ್ಯಾಪಾರಿಗಳ ಮಕ್ಕಳಿಗಾಗಿ. 1869ರ ಕಾಯ್ದೆಯೊಂದು ಹಳೆಯ ದತ್ತಿಗಳ ಹಣವನ್ನು ಮಧ್ಯಮ ವರ್ಗದ ಶಿಕ್ಷಣದ ಕಡೆ ತಿರುಗಿಸುವ ದಾರಿ ಮಾಡಿತ್ತು. ಗ್ರೋಸರ್ಸ್ ಶಾಲೆ ಹುಟ್ಟಿದ್ದು ಆ ಗಾಳಿಯಲ್ಲೇ. ಮೊದಲ ಹೆಡ್‌ಮಾಸ್ಟರ್ ಹರ್ಬರ್ಟ್ ಕೋರ್ಟ್‌ಹೋಪ್ ಬೋವೆನ್. ಶಿಶುವಿಹಾರದ ಕಲ್ಪನೆ ಕೊಟ್ಟ ಜರ್ಮನಿಯ ಫ್ರೋಬೆಲ್‌ನ ವಿಚಾರಗಳ ಬಗ್ಗೆ ಮುಂದೆ ಪುಸ್ತಕವನ್ನೇ ಬರೆದವರು. ಪಠ್ಯವನ್ನು ಉರು ಹೊಡೆಸುವುದೇ ವಿದ್ಯೆ ಎಂದುಕೊಂಡಿದ್ದ ಕಾಲದಲ್ಲಿ ಮಗು ತಾನೇ ಮಾಡಿ ಕಲಿಯಬೇಕು ಎನ್ನುತ್ತಿದ್ದ ಮನುಷ್ಯ. 1906ರಲ್ಲಿ ಗ್ರೋಸರ್ಸ್ ಕಂಪನಿ ಶಾಲೆಯನ್ನು ಲಂಡನ್ ಕೌಂಟಿ ಕೌನ್ಸಿಲ್‌ಗೆ ಒಪ್ಪಿಸಿತು. ಆ ಹೊತ್ತಿಗೆ ಹೆಡ್‌ಮಾಸ್ಟರ್ ಆಗಿ ಬಂದಿದ್ದ ವೇಲ್ಸ್‌ನ ವಿಲಿಯಂ ಜೆಂಕಿನ್ ಥಾಮಸ್ ಸುಮಾರು ಮೂವತ್ತು ವರ್ಷ ಅಲ್ಲೇ ಉಳಿದರು. ವೇಲ್ಸ್‌ನ ಜನಪದ ಕಥೆಗಳನ್ನು ಮಕ್ಕಳಿಗಾಗಿ ಸಂಗ್ರಹಿಸಿದವರೂ ಅವರೇ.

ಅಷ್ಟರಲ್ಲಿ ಹ್ಯಾಕ್ನಿಯ ಜನವೂ ಬದಲಾಗಿದ್ದರು. 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆದವು. ಜೀವ ಉಳಿಸಿಕೊಂಡು ಬಂದ ಕುಟುಂಬಗಳು ಲಂಡನ್ನಿನ ವೈಟ್‌ಚಾಪೆಲ್‌ನ ಇಕ್ಕಟ್ಟಾದ ಬೀದಿಗಳಲ್ಲಿ ನೆಲೆಸಿದವು. ದರ್ಜಿ ಕೆಲಸ, ಚಪ್ಪಲಿ ಕೆಲಸ, ಪೀಠೋಪಕರಣದ ಕೆಲಸ ಮಾಡಿ ಕೈಗೆ ನಾಲ್ಕು ಕಾಸು ಬಂದವರು ಹ್ಯಾಕ್ನಿಯತ್ತ ಮನೆ ಬದಲಿಸಿದರು. ಅವರ ಮಕ್ಕಳು ಈ ಶಾಲೆಗೆ ಬಂದರು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ತರಗತಿಗಳಲ್ಲಿ ಯಹೂದಿ ಹುಡುಗರ ಪಾಲು ಬಹಳ ದೊಡ್ಡದಿತ್ತು. ಮನೆಯಲ್ಲಿ ಯಿಡ್ಡಿಷ್, ಶಾಲೆಯಲ್ಲಿ ಶೇಕ್ಸ್‌ಪಿಯರ್. ವಿದ್ಯೆಯೊಂದೇ ಆಸ್ತಿ ಎಂದು ನಂಬಿದ ತಂದೆತಾಯಿಯರ ಮಕ್ಕಳು ತುಂಬಿದ್ದ ಶಾಲೆ ಅದು.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮಕ್ಕಳನ್ನು ಹಳ್ಳಿಗಾಡಿಗೆ ಸಾಗಿಸಿದಾಗ ಇಡೀ ಶಾಲೆ ನಾರ್ಫೋಕ್‌ನ ಕಿಂಗ್ಸ್ ಲಿನ್ ಪಟ್ಟಣಕ್ಕೆ ಹೋಯಿತು. ಹಾಗೆ ಹೋದವರಲ್ಲಿ ಲಿಯಾನ್ ಕೊಸೊಫ್ ಎಂಬ ಹುಡುಗನಿದ್ದ. ಅಲ್ಲಿ ಅವನನ್ನು ಮನೆಯಲ್ಲಿಟ್ಟುಕೊಂಡವರು ಅವನ ಚಿತ್ರ ಬರೆಯುವ ಆಸೆಗೆ ನೀರೆರೆದರು. ಮುಂದೆ ಲಂಡನ್ನಿನ ರೈಲು ಹಳಿ, ಈಜುಕೊಳ, ಜನಸಂದಣಿಗಳನ್ನು ದಪ್ಪ ಬಣ್ಣದಲ್ಲಿ ಮೂಡಿಸಿ ಬ್ರಿಟನ್ನಿನ ಹೆಸರಾಂತ ಚಿತ್ರಕಾರನಾದ. ಸಿನಿಮಾ ನಟ ಮೈಕೇಲ್ ಕೇನ್ 1944ರಲ್ಲಿ ಸೇರಿ ಒಂದು ವರ್ಷ ಈ ಶಾಲೆಯ ವಿದ್ಯಾರ್ಥಿಯಾಗಿದ್ದರು. ರಂಗನಟ, ನಿರ್ದೇಶಕ ಸ್ಟೀವನ್ ಬರ್ಕಾಫ್ ಕೂಡ ಇಲ್ಲಿಯವರೇ.

ಹೆರಾಲ್ಡ್ ಪಿಂಟರ್ ಸೇರಿದ್ದೂ 1944ರಲ್ಲೇ. ತಂದೆ ಹೆಂಗಸರ ಉಡುಪು ಹೊಲಿಯುವ ದರ್ಜಿ. ಹುಡುಗ ಓಟದಲ್ಲಿ ಶಾಲೆಯ ದಾಖಲೆ ಮುರಿದ, ಕ್ರಿಕೆಟ್ ಹುಚ್ಚನ್ನು ಕೊನೆಯವರೆಗೂ ಉಳಿಸಿಕೊಂಡ. ಆದರೆ ಅವನ ಬದುಕಿಗೆ ತಿರುವು ಕೊಟ್ಟವರು ಇಂಗ್ಲಿಷ್ ಮೇಷ್ಟ್ರು ಜೋಸೆಫ್ ಬ್ರಿಯರ್ಲಿ. ತರಗತಿ ಮುಗಿದ ಮೇಲೂ ಅವರ ಪಾಠ ಮುಗಿಯುತ್ತಿರಲಿಲ್ಲ. ಮೇಷ್ಟ್ರೂ ಹುಡುಗರೂ ಹ್ಯಾಕ್ನಿಯ ರಸ್ತೆಗಳಲ್ಲಿ ಮೈಲಿಗಟ್ಟಲೆ ನಡೆಯುತ್ತ ಜಾನ್ ವೆಬ್‌ಸ್ಟರ್‌ನ ನಾಟಕಗಳ ಬಗ್ಗೆ ಮಾತಾಡುತ್ತಿದ್ದರು. 1947ರಲ್ಲಿ ಬ್ರಿಯರ್ಲಿ ಮ್ಯಾಕ್‌ಬೆತ್ ಆಡಿಸಿದಾಗ ಮುಖ್ಯ ಪಾತ್ರ ಪಿಂಟರನಿಗೆ ಕೊಟ್ಟರು. ಮರುವರ್ಷ ರೋಮಿಯೊ.

ಆ ಮ್ಯಾಕ್‌ಬೆತ್‌ಗೆ ಹಾಕಿಸಿದ್ದು ಆ ಕಾಲದ ಸೈನ್ಯದ ಖಾಕಿ ಸಮವಸ್ತ್ರ. ಹುಡುಗನಿಗೆ ಅದು ಎಷ್ಟು ಹಿಡಿಸಿತೆಂದರೆ ರಿಹರ್ಸಲ್ ಮುಗಿದ ಮೇಲೆ ಬಿಚ್ಚದೆ ಅದರಲ್ಲೇ 38ನೇ ನಂಬರಿನ ಬಸ್ಸು ಹತ್ತಿ ಮನೆಗೆ ಹೊರಟ. ಬಸ್ಸಿನಲ್ಲಿದ್ದ ಅಜ್ಜಿಯರು ನೋಡಿ ನಕ್ಕರು. ಈ ದಳಪತಿಗೆ ಎಷ್ಟರ ಟಿಕೆಟ್ ಹರಿಯಬೇಕೋ ಕಂಡಕ್ಟರನಿಗೆ ತೋಚಲಿಲ್ಲ. ಮಗ ನಾಟಕದಲ್ಲಿ ಮುಖ್ಯ ಪಾತ್ರ ಮಾಡಿದ ಖುಷಿಗೆ ಅಪ್ಪ ಅಮ್ಮ ಶೇಕ್ಸ್‌ಪಿಯರನ ಸಮಗ್ರ ನಾಟಕಗಳ ಪುಸ್ತಕ ಕೊಡಿಸಿದರು. ಪಿಂಟರ್ ಇದನ್ನೆಲ್ಲ ನೆನಪಿಸಿಕೊಂಡದ್ದು ಡೇವಿಡ್ ಕೋಹೆನ್ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲಿ. ಅದು 1995. ಆ ವರ್ಷದ ಕೊನೆಗೆ ಅವರ ಶಾಲೆಯೇ ಇರಲಿಲ್ಲ.

ಇದೇ ಶಾಲೆಯ ಗೆಳೆಯ ಹೆನ್ರಿ ವೂಲ್ಫ್ ಬೆನ್ನು ಬಿದ್ದು ಬರೆಸಿದ್ದರಿಂದಲೇ ಪಿಂಟರನ ಮೊದಲ ನಾಟಕ ‘ದ ರೂಮ್’ 1957ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ರಂಗಕ್ಕೆ ಬಂತು. ಒಬ್ಬ ಮೇಷ್ಟ್ರ ಸುತ್ತ ಕೂಡಿದ ನಾಲ್ಕಾರು ಹುಡುಗರ ಗುಂಪು ಒಂದು ಭಾಷೆಯ ರಂಗಭೂಮಿಯನ್ನೇ ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ. ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಈ ಸಾಧನೆಗೆ ಕಾಲಂ ಇರಲಿಲ್ಲ.

ಆದರೆ ಆ ಸುವರ್ಣಕಾಲದ ಗೇಟನ್ನೂ ನೋಡಬೇಕು. 1944ರ ಶಿಕ್ಷಣ ಕಾಯ್ದೆ ಪ್ರೌಢಶಿಕ್ಷಣವನ್ನು ಎಲ್ಲರಿಗೂ ಉಚಿತ ಮಾಡಿತು. ಅದರ ಬೆನ್ನಿಗೇ ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆಯೂ ಬಂತು. ಗೆದ್ದ ಮಕ್ಕಳಿಗೆ ಗ್ರಾಮರ್ ಶಾಲೆ, ಅಲ್ಲಿಂದ ವಿಶ್ವವಿದ್ಯಾಲಯದ ದಾರಿ. ಉಳಿದವರಿಗೆ ಸೆಕೆಂಡರಿ ಮಾಡರ್ನ್ ಎಂಬ ಶಾಲೆ, ಅಲ್ಲಿಂದ ಬಹುತೇಕ ಕಾರ್ಖಾನೆ, ಅಂಗಡಿ. ಹ್ಯಾಕ್ನಿ ಡೌನ್ಸ್ ಗ್ರಾಮರ್ ಶಾಲೆ. ಅದರ ಒಳಗೆ ಬಂದವರು ಮೊದಲೇ ಆರಿಸಿ ತೆಗೆದ ಹುಡುಗರು. ಬ್ರಿಯರ್ಲಿಯಂಥ ಮೇಷ್ಟ್ರ ಸಂಗ ಸಿಗದೆ, ಅದೇ ಬೀದಿಯಲ್ಲಿ ಇನ್ನೊಂದು ಶಾಲೆಗೆ ಹೋಗಿ ಹದಿನೈದಕ್ಕೆ ಕೆಲಸಕ್ಕೆ ಸೇರಿದ ಹುಡುಗರ ಲೆಕ್ಕ ಇಟ್ಟವರಿಲ್ಲ.

1963ರಲ್ಲಿ ಶಾಲೆಗೆ ಬೆಂಕಿ ಬಿತ್ತು. ಹುಡುಗರು ನಾಟಕವಾಡುತ್ತಿದ್ದ ರಂಗಮಂದಿರವೇ ಸುಟ್ಟುಹೋಯಿತು. ಎರಡು ವರ್ಷದ ನಂತರ ಲೇಬರ್ ಸರ್ಕಾರದ ಶಿಕ್ಷಣ ಸಚಿವ ಆಂಟನಿ ಕ್ರಾಸ್‌ಲೆಂಡ್ ಒಂದು ಸುತ್ತೋಲೆ ಹೊರಡಿಸಿ, ಮಕ್ಕಳನ್ನು ಹನ್ನೊಂದಕ್ಕೇ ಬೇರ್ಪಡಿಸುವುದನ್ನು ಕೈಬಿಟ್ಟು ಎಲ್ಲರಿಗೂ ಒಂದೇ ಬಗೆಯ ಶಾಲೆ ಮಾಡುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡರು. ಅಂಥ ಶಾಲೆಗೆ ಕಾಂಪ್ರಿಹೆನ್ಸಿವ್ ಎಂದು ಹೆಸರು. 1969ರಲ್ಲಿ ಹ್ಯಾಕ್ನಿ ಡೌನ್ಸ್ ಕಾಂಪ್ರಿಹೆನ್ಸಿವ್ ಆಯಿತು.

ಉದ್ದೇಶ ಒಳ್ಳೆಯದಿತ್ತು, ಕಾಲ ಜೊತೆಗೆ ನಿಲ್ಲಲಿಲ್ಲ. ಯಹೂದಿ ಕುಟುಂಬಗಳು ಉತ್ತರದ ಉಪನಗರಗಳಿಗೆ ಹೋಗುತ್ತಿದ್ದವು. ಅವರ ಜಾಗಕ್ಕೆ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ, ಟರ್ಕಿಯಿಂದ, ಏಷ್ಯಾದಿಂದ ಜನ ಬಂದರು. ಹೊಸದಾಗಿ ಬಂದವರ ಆಸೆ ಹಳಬರ ಆಸೆಗಿಂತ ಸಣ್ಣದಿರಲಿಲ್ಲ. ಆದರೆ ಅವರು ಬಂದ ಹೊತ್ತಿಗೆ ಪೂರ್ವ ಲಂಡನ್ನಿನ ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸ ಕರಗುತ್ತಿತ್ತು. ಎಂಬತ್ತರ ದಶಕದಲ್ಲಿ ದೇಶದಾದ್ಯಂತ ಶಿಕ್ಷಕರ ಮುಷ್ಕರಗಳು ನಡೆದವು. ಶಾಲೆಯ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಇದೆಯೆಂದು ಗೊತ್ತಾಗಿ, ಅದನ್ನು ತೆಗೆಯುವ ಕೆಲಸದ ನಡುವೆ ತರಗತಿಗಳು ಅಸ್ತವ್ಯಸ್ತವಾದವು.

ಲಂಡನ್ನಿನ ಒಳಭಾಗದ ಶಾಲೆಗಳನ್ನು ಆಗ ಐಎಲ್‌ಇಎ ಎಂಬ ಒಂದೇ ಶಿಕ್ಷಣ ಪ್ರಾಧಿಕಾರ ನೋಡಿಕೊಳ್ಳುತ್ತಿತ್ತು. ಪ್ರತಿ ಶಾಲೆಗೂ ಚೆನ್ನಾಗಿ ಓದುವವರು, ನಡುವಿನವರು, ಹಿಂದುಳಿದವರು ಹದವಾಗಿ ಸಿಗಲಿ ಎಂದು ಅದು ಮಕ್ಕಳನ್ನು ಮೂರು ಮಟ್ಟವಾಗಿ ವಿಂಗಡಿಸುತ್ತಿತ್ತು. ಆದರೆ ಮೊದಲ ಮಟ್ಟದ ಮಕ್ಕಳ ಮನೆಯವರು ಅರ್ಜಿಯನ್ನೇ ಹಾಕದಿದ್ದರೆ ವಿಂಗಡಣೆ ಏನು ಮಾಡೀತು? ಥ್ಯಾಚರ್ ಸರ್ಕಾರ 1990ರಲ್ಲಿ ಐಎಲ್‌ಇಎಯನ್ನೇ ಬರಖಾಸ್ತು ಮಾಡಿ ಶಾಲೆಗಳನ್ನು ಒಂದೊಂದು ಬರೋಗೆ, ಅಂದರೆ ಲಂಡನ್ನಿನ ಸ್ಥಳೀಯ ಕೌನ್ಸಿಲ್‌ಗಳಿಗೆ ಹಂಚಿತು. ದೇಶದ ಅತಿ ಬಡ ಬರೋಗಳಲ್ಲಿ ಒಂದಾದ, ಒಳಜಗಳಕ್ಕೆ ಹೆಸರಾಗಿದ್ದ ಹ್ಯಾಕ್ನಿ ಕೌನ್ಸಿಲ್ ಒಂದೇ ದಿನಕ್ಕೆ ತನ್ನೆಲ್ಲ ಶಾಲೆಗಳ ಯಜಮಾನನಾಯಿತು.

ಇದರ ಜೊತೆಗೆ 1988ರ ಶಿಕ್ಷಣ ಕಾಯ್ದೆಯ ಏರ್ಪಾಟೊಂದು ಕೆಲಸ ಮಾಡುತ್ತಿತ್ತು. ಪೋಷಕರಿಗೆ ಬೇಕಾದ ಶಾಲೆ ಆರಿಸುವ ಹಕ್ಕು, ಮಕ್ಕಳ ತಲೆ ಎಣಿಸಿ ಶಾಲೆಗೆ ಅನುದಾನ. 1992ರಿಂದ ಪರೀಕ್ಷಾ ಫಲಿತಾಂಶದ ಪಟ್ಟಿ ಪತ್ರಿಕೆಗಳಲ್ಲಿ ಬರತೊಡಗಿತು. ಪಟ್ಟಿಯ ಕೊನೆಯಲ್ಲಿದ್ದ ಶಾಲೆಯಿಂದ ತಿಳಿವಳಿಕಸ್ಥ ಪೋಷಕರು ದೂರ ಸರಿದರು. ಸೀಟು ಖಾಲಿಯಾಯಿತು, ಖಾಲಿಯಾದಷ್ಟೂ ದುಡ್ಡು ಕಡಿಮೆಯಾಯಿತು. ಖಾಲಿ ಸೀಟಿರುವ ಶಾಲೆ ವರ್ಷದ ನಡುವೆ ಬಂದ ಯಾವ ಮಗುವನ್ನೂ ಬೇಡ ಎನ್ನುವಂತಿಲ್ಲ. ಬೇರೆ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗ, ನಿನ್ನೆಯಷ್ಟೇ ಊರು ಬಿಟ್ಟು ಬಂದ, ಇಂಗ್ಲಿಷ್ ಬಾರದ ನಿರಾಶ್ರಿತರ ಹುಡುಗ, ವಿಶೇಷ ನೆರವು ಬೇಕಾದ ಹುಡುಗ ಎಲ್ಲರೂ ಇಲ್ಲಿಗೇ ಬಂದರು. ಹೆಣ್ಣುಮಕ್ಕಳ ಶಾಲೆಗೆ ಬೇಡಿಕೆ ಹೆಚ್ಚಿದ್ದ ಪ್ರದೇಶದಲ್ಲಿ ಇದು ಗಂಡುಮಕ್ಕಳದೇ ಶಾಲೆಯಾಗಿ ಉಳಿದದ್ದೂ ಹೊಡೆತ ಕೊಟ್ಟಿತು. ಅತಿ ಹೆಚ್ಚು ನೆರವು ಬೇಕಾದ ಮಕ್ಕಳನ್ನು ಅತಿ ನಿತ್ರಾಣಗೊಂಡ ಶಾಲೆಯೊಂದರಲ್ಲಿ ಕೂಡಿಹಾಕಿ, ಆಮೇಲೆ ಫಲಿತಾಂಶ ಎಲ್ಲಿ ಎಂದು ಕೇಳಿದ ವ್ಯವಸ್ಥೆ ಅದು. ಹಾಗೆಂದು ಒಳಗೆ ಎಲ್ಲ ಸರಿಯಿತ್ತು ಎನ್ನುವಂತಿಲ್ಲ. ಸಿಬ್ಬಂದಿಯ ಒಳಜಗಳ, ಒಬ್ಬರ ಹಿಂದೊಬ್ಬರು ಬಂದು ಹೋದ ಹೆಡ್‌ಮಾಸ್ಟರ್‌ಗಳು, ಕೈತಪ್ಪಿದ ಶಿಸ್ತು, ಇವೆಲ್ಲ ನಿಜವಾಗಿದ್ದವು. ಹುಡುಗರು ಕಲಿಯಬೇಕಾದಷ್ಟು ಕಲಿಯುತ್ತಿರಲಿಲ್ಲ.

1994ರಲ್ಲಿ ತಪಾಸಣೆ ನಡೆಸಿದ ಆಫ್‌ಸ್ಟೆಡ್ ಈ ಶಾಲೆ ಮಕ್ಕಳಿಗೆ ತಕ್ಕ ಶಿಕ್ಷಣ ಕೊಡುತ್ತಿಲ್ಲ, ವಿಶೇಷ ಕ್ರಮ ಬೇಕು ಎಂದಿತು. ಆಫ್‌ಸ್ಟೆಡ್ ಎಂದರೆ 1992ರಲ್ಲಿ ಹುಟ್ಟಿದ, ಶಾಲೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ. ಹ್ಯಾಕ್ನಿ ಕೌನ್ಸಿಲ್ ಮುಚ್ಚುತ್ತೇವೆ ಎಂದು ತೀರ್ಮಾನಿಸಿ, 1995ರ ಬೇಸಿಗೆಯಲ್ಲಿ ಮನಸ್ಸು ಬದಲಿಸಿತು. ಆಗ ಕನ್ಸರ್ವೇಟಿವ್ ಸರ್ಕಾರದ ಶಿಕ್ಷಣ ಸಚಿವೆ ಗಿಲಿಯನ್ ಶೆಫರ್ಡ್ 1993ರ ಕಾಯ್ದೆಯ ಅಧಿಕಾರ ಬಳಸಿ ಶಾಲೆಯನ್ನು ಕೌನ್ಸಿಲ್ ಕೈಯಿಂದ ಕಿತ್ತು ಒಂದು ಶಿಕ್ಷಣ ಮಂಡಳಿಗೆ ಒಪ್ಪಿಸಿದರು. ಉದ್ಯಮಿ ರಿಚರ್ಡ್ ಪೇಂಟರ್ ಅದರ ಅಧ್ಯಕ್ಷ. ಸದಸ್ಯರಲ್ಲೊಬ್ಬರು ಪ್ರೊಫೆಸರ್ ಮೈಕೇಲ್ ಬಾರ್ಬರ್. ಅವರು ಹಿಂದೆ ಹ್ಯಾಕ್ನಿ ಕೌನ್ಸಿಲ್‌ನಲ್ಲೇ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದವರು. ಕೆಲವೇ ತಿಂಗಳಲ್ಲಿ ಮಂಡಳಿ ವರದಿ ಕೊಟ್ಟಿತು: ಉಳಿದಿರುವ ಹುಡುಗರು ತೀರಾ ಕಡಿಮೆ, ತಲೆಗೆ ಬೀಳುವ ಖರ್ಚು ತೀರಾ ಹೆಚ್ಚು, ಕಲಿಕೆ ಕಳಪೆ. ವರ್ಷದ ಕೊನೆಗೆ ಮುಚ್ಚಿ.

ಪೋಷಕರು ಬೀದಿಗಿಳಿದರು, ಕೋರ್ಟಿಗೆ ಹೋದರು. ಗೆಲ್ಲಲಿಲ್ಲ. 1995ರ ಡಿಸೆಂಬರ್ 31ಕ್ಕೆ ಶಾಲೆ ಮುಗಿಯಿತು. ಉಳಿದಿದ್ದ ಸುಮಾರು 200 ಹುಡುಗರಲ್ಲಿ ಹೆಚ್ಚಿನವರನ್ನು ಶೈಕ್ಷಣಿಕ ವರ್ಷದ ನಡುವೆಯೇ ಹೋಮರ್ಟನ್ ಹೌಸ್ ಎಂಬ ಇನ್ನೊಂದು ಗಂಡುಮಕ್ಕಳ ಶಾಲೆಗೆ ಕಳಿಸಲಾಯಿತು. ಅದೇನೂ ಗಟ್ಟಿ ಸ್ಥಿತಿಯಲ್ಲಿದ್ದ ಶಾಲೆಯಲ್ಲ, ಮುಂದೊಂದು ದಿನ ಅದೂ ಮುಚ್ಚಿತು. ಹ್ಯಾಕ್ನಿ ಡೌನ್ಸ್‌ನ ಕೊನೆಯ ಪ್ರಭಾರ ಮುಖ್ಯಸ್ಥೆ ಎಲಿಜಬೆತ್ ಹೇಲ್ಸ್ ಮತ್ತು ಅವರ ಜೊತೆಗಿದ್ದವರು 1999ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಕಡೆಯ ಕಥೆ ಹೇಳಿದ್ದಾರೆ. ಶಾಲೆ ಚೇತರಿಸಿಕೊಳ್ಳುತ್ತಿತ್ತು, ಅದಕ್ಕೆ ಸಮಯ ಕೊಡಲಿಲ್ಲ ಎಂಬುದು ಅವರ ವಾದ. ಬಾರ್ಬರ್ ಮಾತ್ರ ಮುಚ್ಚಿದ್ದೇ ಸರಿ ಎಂದರು. ಮುಚ್ಚುವುದೊಂದೇ ದಾರಿಯಾಗಿತ್ತು ಎಂದು ಒಪ್ಪಿದರೂ, ಹದಿನಾಲ್ಕು ಹದಿನೈದು ವರ್ಷದ ಹುಡುಗರನ್ನು ಚಳಿಗಾಲದ ನಡುವೆ ಎತ್ತಿ ಇನ್ನೊಂದು ಸೋತ ಶಾಲೆಯಲ್ಲಿ ಕೂರಿಸಿದ್ದನ್ನು ಸಮರ್ಥಿಸುವುದು ಕಷ್ಟ. ಅವರ ಹೆಸರಿನಲ್ಲಿ ನಡೆದ ಈ ಕ್ರಮದಿಂದ ಅವರಿಗೆ ದಕ್ಕಿದ್ದು ಬಹಳ ಕಡಿಮೆ.

1997ರಲ್ಲಿ ಟೋನಿ ಬ್ಲೇರ್ ಅಧಿಕಾರಕ್ಕೆ ಬಂದಾಗ ಶಾಲೆಗಳ ಗುಣಮಟ್ಟದ ಹೊಣೆ ಹೊತ್ತ ಘಟಕದ ಮುಖ್ಯಸ್ಥರಾದದ್ದು ಇದೇ ಬಾರ್ಬರ್. 2000ದಲ್ಲಿ ಸರ್ಕಾರ ಅಕಾಡೆಮಿ ಯೋಜನೆ ಪ್ರಕಟಿಸಿತು. ಸೋತ ಶಾಲೆಗಳ ಜಾಗದಲ್ಲಿ ಸ್ಥಳೀಯ ಕೌನ್ಸಿಲ್‌ನ ಹಿಡಿತವಿಲ್ಲದ, ನೇರ ಸರ್ಕಾರದ ಹಣದಲ್ಲಿ ನಡೆಯುವ ಶಾಲೆ. ಒಬ್ಬ ಪ್ರಾಯೋಜಕ ಸುಮಾರು 20 ಲಕ್ಷ ಪೌಂಡ್ ಹಾಕಬೇಕು, ಉಳಿದದ್ದು ಖಜಾನೆಯದು. 2002ರಲ್ಲಿ ಹ್ಯಾಕ್ನಿಯ ಇಡೀ ಶಿಕ್ಷಣ ಇಲಾಖೆಯನ್ನೇ ಕೌನ್ಸಿಲ್‌ನಿಂದ ಬೇರ್ಪಡಿಸಿ ಲಾಭದ ಉದ್ದೇಶವಿಲ್ಲದ ಒಂದು ಟ್ರಸ್ಟ್‌ಗೆ ವಹಿಸಲಾಯಿತು.

ಹ್ಯಾಕ್ನಿ ಡೌನ್ಸ್‌ಗೆ ಮುಂದೆ ಬಂದ ಪ್ರಾಯೋಜಕ ಕ್ಲೈವ್ ಬೋರ್ನ್. ಹ್ಯಾಕ್ನಿಯಲ್ಲೇ ಹುಟ್ಟಿ, ಕೊರಿಯರ್ ಉದ್ಯಮ ಕಟ್ಟಿ ಬೆಳೆದ ಯಹೂದಿ ಮನೆತನದವರು. ಶಾಲೆಗೆ ತಂದೆ ಮಾಸ್ ಬೋರ್ನ್ ಹೆಸರಿಟ್ಟರು. ಸುಮಾರು 2.5 ಕೋಟಿ ಪೌಂಡ್ ವೆಚ್ಚದ ಕಟ್ಟಡವನ್ನು ವಿನ್ಯಾಸ ಮಾಡಿದ್ದು ಪ್ಯಾರಿಸ್ಸಿನ ಪೊಂಪಿಡೂ ಕೇಂದ್ರಕ್ಕೆ ಹೆಸರಾದ ರಿಚರ್ಡ್ ರೋಜರ್ಸ್ ಅವರ ಸಂಸ್ಥೆ. ಜಾಗ ತ್ರಿಕೋನಾಕಾರದ್ದು, ಎರಡು ಬದಿಯಲ್ಲಿ ರೈಲು ಹಳಿ. ವಾಸ್ತುಶಿಲ್ಪಿಗಳು ಕಟ್ಟಡದ ಬೆನ್ನನ್ನು ಹಳಿಗಳಿಗೆ ತಿರುಗಿಸಿ, ಮುಖವನ್ನು ಎದುರಿನ ಹಸಿರು ಮೈದಾನಕ್ಕೆ ತೆರೆದರು. ಮರದ ಚೌಕಟ್ಟಿನ ಎರಡು ರೆಕ್ಕೆಗಳು, ನಡುವೆ ಅಂಗಳ. ಅಂಗಳದಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಎಲ್ಲ ಕಡೆಯಿಂದಲೂ ಕಾಣುವಂಥ ರಚನೆ.

ಮೊದಲ ಪ್ರಾಂಶುಪಾಲರಾಗಿ ಬಂದವರು ಮೈಕೇಲ್ ವಿಲ್ಶಾ. ಪೋಸ್ಟ್‌ಮ್ಯಾನ್ ಒಬ್ಬರ ಮಗ. ಪೂರ್ವ ಲಂಡನ್ನಿನ ಫಾರೆಸ್ಟ್ ಗೇಟ್‌ನ ಕ್ಯಾಥೊಲಿಕ್ ಶಾಲೆಯೊಂದನ್ನು ಬಹುಕಾಲ ನಡೆಸಿ ಹೆಸರು ಮಾಡಿದ್ದರು, 2000ದಲ್ಲೇ ನೈಟ್ ಪದವಿ ಬಂದಿತ್ತು. ಮನೆಯಲ್ಲಿ ನೆಮ್ಮದಿ, ನಿಯಮ ಇಲ್ಲದ ಮಗುವಿಗೆ ಶಾಲೆಯಲ್ಲಿ ಹೆಚ್ಚು ನಿಯಮ ಬೇಕು ಎಂಬುದು ಅವರ ಗಟ್ಟಿ ನಂಬಿಕೆ. ಕೆಂಪು ಅಂಚಿನ ಬೂದು ಕೋಟು, ಅದಕ್ಕೆ ಟೈ. ಪಾಠ ಶುರುವಾಗುವ ಮುನ್ನ ಮಕ್ಕಳು ಎದ್ದು ನಿಂತು ಒಂದು ಪ್ರತಿಜ್ಞೆ ಹೇಳಬೇಕು: ಕೇಳಿ ತಿಳಿಯುವ ಮನಸ್ಸು, ಶಾಂತ ಸ್ವಭಾವ, ಗಮನವಿಟ್ಟು ಆಲಿಸುವ ಕಿವಿ ತನಗಿರಲಿ ಎಂಬರ್ಥದ ಮಾತು. ದಿನಕ್ಕೆ ಒಂದು ಬಾರಿಯ ಪ್ರಾರ್ಥನೆಯಲ್ಲ ಅದು, ಪ್ರತಿ ಪಾಠಕ್ಕೂ. ಗಣಿತದ ಮೇಷ್ಟ್ರು ಬಂದಾಗ ಒಮ್ಮೆ, ವಿಜ್ಞಾನದ ಟೀಚರ್ ಬಂದಾಗ ಇನ್ನೊಮ್ಮೆ. ಸಣ್ಣ ತಪ್ಪಿಗೂ ಶಾಲೆ ಬಿಟ್ಟ ಮೇಲೆ ಕೂರಿಸಿಕೊಳ್ಳುವ ಶಿಕ್ಷೆ. ಹಿಂದುಳಿದವರಿಗೆ ಶಾಲಾ ಅವಧಿ ಮುಗಿದ ಮೇಲೂ ಶನಿವಾರವೂ ಪಾಠ. ಮೇಷ್ಟ್ರುಗಳು ಕತ್ತಲಾಗುವವರೆಗೆ ಶಾಲೆಯಲ್ಲಿರುತ್ತಿದ್ದರು.

2009ರಲ್ಲಿ ಮೊದಲ ತಂಡ ಜಿಸಿಎಸ್‌ಇ ಬರೆಯಿತು. ಇದು ಹದಿನಾರರ ವಯಸ್ಸಿನ ಮಕ್ಕಳ ಸಾರ್ವಜನಿಕ ಪರೀಕ್ಷೆ, ನಮ್ಮ ಎಸ್ಸೆಸ್ಸೆಲ್ಸಿಯ ಜಾಗದಲ್ಲಿ ನಿಲ್ಲುವಂಥದ್ದು. ಇಂಗ್ಲಿಷ್, ಗಣಿತ ಸೇರಿ ಐದು ವಿಷಯಗಳಲ್ಲಿ ಒಳ್ಳೆಯ ಗ್ರೇಡ್ ಪಡೆದವರು ಮಾಸ್‌ಬೋರ್ನ್‌ನಲ್ಲಿ ಶೇ 80ಕ್ಕೂ ಹೆಚ್ಚು. ಆಗ ದೇಶದ ಸರಾಸರಿ ಶೇ 50ರ ಆಸುಪಾಸು. ಮಾಸ್‌ಬೋರ್ನ್ ಮಕ್ಕಳಲ್ಲಿ ಶೇ 40ರಷ್ಟು ಮಂದಿ ಉಚಿತ ಊಟಕ್ಕೆ ಅರ್ಹರು, ಅಂದರೆ ತೀರಾ ಕಡಿಮೆ ವರಮಾನದ ಮನೆಯವರು. 2011ರಲ್ಲಿ ಹಿರಿಯ ತರಗತಿಯ ಮೊದಲ ತಂಡದಲ್ಲೇ ಹಲವರಿಗೆ ಕೇಂಬ್ರಿಜ್‌ನಲ್ಲಿ ಸೀಟು ಸಿಕ್ಕಿತು. ಅದೇ ವರ್ಷದ ಆಗಸ್ಟ್ 8ರ ರಾತ್ರಿ ಲಂಡನ್ ಗಲಭೆಯ ಬೆಂಕಿ ಶಾಲೆಯ ಪಕ್ಕದ ಪೆಂಬರಿ ವಸತಿ ಸಮುಚ್ಚಯದ ಬಳಿ ಹೊತ್ತಿ ಉರಿಯಿತು. ಶಾಲೆಯ ಮಕ್ಕಳ ಮನೆಗಳಿರುವ ಬಡಾವಣೆ ಅದು. ತಿಂಗಳ ಕೊನೆಗೆ ಬಂದ ಜಿಸಿಎಸ್‌ಇ ಫಲಿತಾಂಶ ಮತ್ತೆ ಶೇ 80ರ ಮೇಲಿತ್ತು. ಮರುವರ್ಷದ ಜನವರಿಯಲ್ಲಿ ವಿಲ್ಶಾ ಆಫ್‌ಸ್ಟೆಡ್‌ನ ಮುಖ್ಯಸ್ಥರಾದರು. ಹಿಂದೆ ಈ ಜಾಗದ ಶಾಲೆಗೆ ಸೋತಿದೆ ಎಂದು ಮುದ್ರೆ ಒತ್ತಿದ ಸಂಸ್ಥೆ, ಈಗ ಇದೇ ಜಾಗದಿಂದ ಎದ್ದ ಮೇಷ್ಟ್ರ ಕೈಗೆ ಬಂತು. 2016ರ ಕೊನೆಯವರೆಗೂ ಅವರು ಆ ಹುದ್ದೆಯಲ್ಲಿದ್ದರು.

ಈ ಸಾಧನೆ ನಿಜ. ಬಡವರ ಮಕ್ಕಳಿಂದ ಇಷ್ಟೇ ಸಾಧ್ಯ ಎಂದು ಕೈಚೆಲ್ಲಿದವರಿಗೆ ಇದು ಕೊಟ್ಟ ಉತ್ತರವೂ ನಿಜ. ಆದರೆ ಹಳೆಯ ಶಾಲೆಯೊಂದಿಗೆ ಹೋಲಿಸುವಾಗ ಮತ್ತೆ ಗೇಟನ್ನು ನೋಡಬೇಕು. ಮಾಸ್‌ಬೋರ್ನ್ ಶುರುವಾದದ್ದು ಹನ್ನೊಂದು ವರ್ಷದ ಮಕ್ಕಳ ಒಂದೇ ತಂಡದಿಂದ. ವರ್ಷಕ್ಕೊಂದು ತಂಡ ಸೇರುತ್ತ ಶಾಲೆ ಬೆಳೆಯಿತು, ಸೋತು ಬೇಸತ್ತ ಹಿರಿಯ ಹುಡುಗರು ಅಲ್ಲಿರಲೇ ಇಲ್ಲ. ಸೇರುವ ಮಕ್ಕಳಿಗೆ ಪರೀಕ್ಷೆ ಕೊಟ್ಟು ನಾಲ್ಕು ಮಟ್ಟ ಮಾಡಿ, ಪ್ರತಿ ಮಟ್ಟದಿಂದಲೂ ಇಷ್ಟಿಷ್ಟು ಎಂದು ತೆಗೆದುಕೊಳ್ಳಲಾಯಿತು. ಐಎಲ್‌ಇಎ ಮಾಡಹೊರಟು ಆಗದೇ ಹೋದದ್ದು ಇಲ್ಲಿ ಆಯಿತು. ಕಾರಣ, ಎಲ್ಲ ಮಟ್ಟದ ಮಕ್ಕಳ ಮನೆಯವರೂ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ಸೀಟುಗಳು ಭರ್ತಿಯಾಗಿದ್ದರಿಂದ ವರ್ಷದ ನಡುವೆ ಬಂದ ಮಕ್ಕಳು ಬೇರೆ ಶಾಲೆ ಹುಡುಕಬೇಕಿತ್ತು. ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು, ಹೊಸ ಕಟ್ಟಡವಿತ್ತು, ಸಿಬ್ಬಂದಿಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ಇದರಲ್ಲಿ ಒಂದೂ ಎಲಿಜಬೆತ್ ಹೇಲ್ಸ್ ಕೈಯಲ್ಲಿರಲಿಲ್ಲ. ವಿಲ್ಶಾ ಅವರ ದುಡಿಮೆಯನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಹಳೆಯ ಶಾಲೆಯ ಮೇಷ್ಟ್ರುಗಳನ್ನು ಸೋಮಾರಿಗಳೆಂದು ತೀರ್ಪು ಕೊಟ್ಟ ಪತ್ರಿಕೆಗಳು ಎಷ್ಟು ಅನ್ಯಾಯ ಮಾಡಿದವು ಎಂದು ಇದರಿಂದ ಗೊತ್ತಾಗುತ್ತದೆ.

ಏರಿದ್ದು ಮಾಸ್‌ಬೋರ್ನ್ ಒಂದೇ ಅಲ್ಲ ಎಂಬುದನ್ನೂ ನೆನಪಿಡಬೇಕು. 2003ರಲ್ಲಿ ಟಿಮ್ ಬ್ರಿಗ್‌ಹೌಸ್ ನೇತೃತ್ವದಲ್ಲಿ ‘ಲಂಡನ್ ಚಾಲೆಂಜ್’ ಎಂಬ ಕಾರ್ಯಕ್ರಮ ಬಂತು. ಗೆದ್ದ ಶಾಲೆಯ ಹೆಡ್‌ಮಾಸ್ಟರ್ ಸೋತ ಶಾಲೆಗೆ ಹೋಗಿ ಕೈಜೋಡಿಸುವುದು, ಮೇಷ್ಟ್ರುಗಳಿಗೆ ಮೇಷ್ಟ್ರುಗಳಿಂದಲೇ ತರಬೇತಿ, ಒಂದು ಶಾಲೆಯ ಅನುಭವ ಇನ್ನೊಂದಕ್ಕೆ. ಬೈದು ಮುಚ್ಚಿಸುವ ಬದಲು ಹೆಗಲು ಕೊಡುವ ದಾರಿ. ಹತ್ತು ವರ್ಷದೊಳಗೆ ಲಂಡನ್ನಿನ ಒಳಭಾಗದ ಶಾಲೆಗಳ ಫಲಿತಾಂಶ ದೇಶದ ಸರಾಸರಿಯನ್ನು ದಾಟಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸೈಮನ್ ಬರ್ಜೆಸ್ 2014ರಲ್ಲಿ ಅಂಕಿಅಂಶಗಳನ್ನು ಜಾಲಾಡಿ, ಲಂಡನ್ನಿನ ಈ ಮೇಲುಗೈಗೆ ವಲಸೆ ಕುಟುಂಬಗಳ ಮಕ್ಕಳ ಓದಿನ ಹಂಬಲವೇ ಮುಖ್ಯ ಕಾರಣ ಎಂದರು. ಪ್ರಾಥಮಿಕ ಶಾಲೆಗಳು ಸುಧಾರಿಸಿದ್ದೇ ಬುನಾದಿ ಎಂದು ತೋರಿಸಿದ ಸಂಶೋಧಕರೂ ಇದ್ದಾರೆ. ಎರಡರಲ್ಲಿ ಯಾವುದು ಸರಿಯಾದರೂ, ಒಬ್ಬ ಗಂಡೆದೆಯ ಹೆಡ್‌ಮಾಸ್ಟರ್ ಬಂದು ಶಾಲೆ ಉದ್ಧಾರ ಮಾಡಿದ ಎಂಬ ಸಿನಿಮಾ ಕಥೆಗೆ ಈ ಲೆಕ್ಕಗಳು ಒಗ್ಗುವುದಿಲ್ಲ.

ಫಲಿತಾಂಶ ಅಳೆಯುವ ಕೋಲು ಕೂಡ ಈಗ ಬದಲಾಗಿದೆ. 2016ರಿಂದ ಇಂಗ್ಲೆಂಡಿನಲ್ಲಿ ‘ಪ್ರೋಗ್ರೆಸ್ 8’ ಎಂಬ ಅಳತೆ ಬಂತು. ಹನ್ನೊಂದರ ವಯಸ್ಸಿನಲ್ಲಿ ಒಂದೇ ಮಟ್ಟದಲ್ಲಿದ್ದ ಮಕ್ಕಳು ಹದಿನಾರಕ್ಕೆ ಎಂಟು ವಿಷಯಗಳಲ್ಲಿ ಎಲ್ಲಿ ತಲುಪಿದರು ಎಂದು ದೇಶದ ಉಳಿದವರೊಂದಿಗೆ ಹೋಲಿಸುವುದು. ಸೊನ್ನೆ ಎಂದರೆ ಸರಾಸರಿ. ಒಂದು ಎಂದರೆ ಆ ಶಾಲೆಯ ಮಗು ಪ್ರತಿ ವಿಷಯದಲ್ಲೂ ಸರಾಸರಿ ಒಂದು ಗ್ರೇಡ್ ಮೇಲೆ. ಮಾಸ್‌ಬೋರ್ನ್ ಇದರಲ್ಲೂ ಸರಾಸರಿಗಿಂತ ಬಹಳ ಮೇಲೆ ನಿಂತಿತು. ಗೇಟಿನಲ್ಲಿ ಬಂದ ಮಗುವಿನ ಮಟ್ಟವನ್ನು ಲೆಕ್ಕಕ್ಕೆ ಹಿಡಿಯುವ ಈ ಅಳತೆ 1992ರಲ್ಲೇ ಇದ್ದಿದ್ದರೆ ಹ್ಯಾಕ್ನಿ ಡೌನ್ಸ್ ಬಗ್ಗೆ ಚರ್ಚೆ ಇನ್ನಷ್ಟು ನ್ಯಾಯವಾಗಿ ನಡೆಯುತ್ತಿತ್ತು. ಇದಕ್ಕೂ ಮಿತಿಯಿದೆ. ಕೋವಿಡ್ ಕಾಲದಲ್ಲಿ ಹನ್ನೊಂದರ ಪರೀಕ್ಷೆಗಳು ನಡೆಯದ ಕಾರಣ 2025 ಮತ್ತು 2026ರ ತಂಡಗಳಿಗೆ ಪ್ರೋಗ್ರೆಸ್ 8 ಲೆಕ್ಕವೇ ಇಲ್ಲ.

ಶಿಸ್ತಿನ ಬೆಲೆ ಎಷ್ಟು ಎಂಬ ಪ್ರಶ್ನೆಯೂ ಬಂದಿದೆ. ಮಾಸ್‌ಬೋರ್ನ್ ಬಳಗದವರು 2014ರಲ್ಲಿ ಅದೇ ಬರೋದಲ್ಲಿ ತೆರೆದ ವಿಕ್ಟೋರಿಯಾ ಪಾರ್ಕ್ ಅಕಾಡೆಮಿಯಲ್ಲಿ ಮಕ್ಕಳ ಮೇಲೆ ಕೂಗಾಡಿ ಹೆದರಿಸುತ್ತಾರೆ, ಅವಮಾನಿಸುತ್ತಾರೆ ಎಂಬ ದೂರುಗಳು 2024ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಬಂದವು. ಹೇಳಿದವರಲ್ಲಿ ಪೋಷಕರೂ, ಹಿಂದೆ ಅಲ್ಲಿ ಓದಿದವರೂ ಇದ್ದರು. ಶಾಲೆಯಿಂದ ತಮ್ಮ ಮಕ್ಕಳಿಗೆ ಒಳ್ಳೆಯದಾಗಿದೆ ಎಂದು ಅದರ ಪರ ನಿಂತ ಪೋಷಕರೂ ಇದ್ದರು. ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಸ್ಥಳೀಯ ವ್ಯವಸ್ಥೆ ಅಲನ್ ವುಡ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಆದೇಶಿಸಿತು. ಅವರೂ ಹಿಂದೆ ಹ್ಯಾಕ್ನಿಯ ಶಾಲೆಗಳ ಟ್ರಸ್ಟ್ ನಡೆಸಿದವರು. ಮಗುವಿಗೆ ಅಂಕ ಬಂದರೆ ಸಾಕು, ಅದು ಹೆದರಿ ನಡುಗಿದ್ದು ಮುಖ್ಯವಲ್ಲ ಎನ್ನುವ ಮಾತನ್ನು ಯಾವ ಪೋಷಕರೂ ಒಪ್ಪಬಾರದು. ಬ್ರಿಯರ್ಲಿ ಮೇಷ್ಟ್ರ ಜೊತೆ ರಸ್ತೆಯಲ್ಲಿ ನಡೆದ ಹುಡುಗರೂ ಕಲಿತರು, ಹೆದರದೇ ಕಲಿತರು.

ಹ್ಯಾಕ್ನಿಯಲ್ಲಿ ಈಗ ಹೊಸ ಕಷ್ಟ ಶುರುವಾಗಿದೆ. ಮನೆ ಬಾಡಿಗೆ ಕೈಗೆಟುಕದಷ್ಟು ಏರಿ ಚಿಕ್ಕ ಮಕ್ಕಳಿರುವ ಕುಟುಂಬಗಳು ಲಂಡನ್ ಬಿಡುತ್ತಿವೆ, ಜನನ ಪ್ರಮಾಣವೂ ಇಳಿದಿದೆ. 2024ರ ಬೇಸಿಗೆಯಲ್ಲಿ ಹ್ಯಾಕ್ನಿ ಕೌನ್ಸಿಲ್ ಡಿ ಬೋವ್ವಾರ್, ರ‍್ಯಾಂಡಲ್ ಕ್ರೀಮರ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿ, ಇನ್ನೆರಡನ್ನು ನೆರೆಯ ಶಾಲೆಗಳ ಜೊತೆ ವಿಲೀನ ಮಾಡಿತು. ಅದರಲ್ಲೊಂದು ವಿಲೀನ ನಡೆದದ್ದು ಮಾಸ್‌ಬೋರ್ನ್ ಎದುರಿನ ಹ್ಯಾಕ್ನಿ ಡೌನ್ಸ್ ಮೈದಾನದ ಆಸುಪಾಸಿನಲ್ಲೇ. ಪ್ರಾಥಮಿಕ ಶಾಲೆಯಲ್ಲಿ ಕಡಿಮೆಯಾದ ಮಕ್ಕಳು ಕೆಲವೇ ವರ್ಷದಲ್ಲಿ ಪ್ರೌಢಶಾಲೆಯಲ್ಲೂ ಕಡಿಮೆಯಾಗುತ್ತಾರೆ. ತಲೆ ಎಣಿಸಿ ದುಡ್ಡು ಕೊಡುವ ನಿಯಮ ಇವತ್ತಿಗೂ ಹಾಗೇ ಇದೆ. ಬೇಡಿಕೆಯಿರುವ ಶಾಲೆಯ ಸೀಟು ತುಂಬುತ್ತದೆ, ಖಾಲಿ ಉಳಿಯುವುದು ಬೇಡಿಕೆಯಿಲ್ಲದ ಶಾಲೆಯಲ್ಲಿ, ವರ್ಷದ ನಡುವೆ ಬಂದ ಮಗು ಹೋಗುವುದು ಆ ಖಾಲಿ ಸೀಟಿಗೆ. ಅಂಥ ಶಾಲೆಯ ಮೇಷ್ಟ್ರುಗಳಿಗೆ ಈ ಸಲ ಹೆಚ್ಚಿನ ಹಣ, ಹೆಚ್ಚಿನ ಕೈಗಳನ್ನು ಮೊದಲೇ ಕೊಡುತ್ತಾರೋ, ಫಲಿತಾಂಶ ಕುಸಿದ ಮೇಲೆ ತಪಾಸಣೆಯವರನ್ನು ಕಳಿಸುತ್ತಾರೋ ಎಂಬುದು ಬರುವ ನಾಲ್ಕೈದು ವರ್ಷದ ಬಜೆಟ್ಟುಗಳಲ್ಲಿ ಗೊತ್ತಾಗಲಿದೆ.